ಎಷ್ಟನೇದು?

ಆಸ್ಪತ್ರೆ ಕೌಂಟರ್‌ನಲ್ಲಿ ಸಿಸ್ಟರ್ ತಲೆ ಎತ್ತದೇನೇ ಕೇಳಿದ್ರು, "ಎಷ್ಟನೇದಮ್ಮಾ?"

ನಾನು "ಎರಡನೇದು" ಅಂದೆ. "ಮೊದಲ್ನೇದಕ್ಕೆ ಎಷ್ಟು ವರ್ಷ?" ಅಂದ್ರು. ನಾನು ಸುಮ್ಮನಾದೆ. ಪಕ್ಕದಲ್ಲಿ ನಿಂತಿದ್ದ ಅತ್ತೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡೋಕೆ ಶುರು ಮಾಡಿದ್ರು. ಸಿಸ್ಟರ್‌ಗೆ ಇದೇನು ಹೊಸದಲ್ಲ, ಒಂದು ಸಲ ಮುಖ ನೋಡಿ "ಹೋಗಿದ್ದಾ?" ಅಂತ ಮೆಲ್ಲಗೆ ಕೇಳಿ ಫೈಲ್ ಮೇಲೆ ಬರ್ಕೊಂಡ್ರು: ಜಿ2 ಪಿ0 ಎ1.

ಆಗ ಅದೇನು ಅಂತ ಗೊತ್ತಿರಲಿಲ್ಲ, ಆಮೇಲೆ ತಿಳ್ಕೊಂಡೆ. ಜಿ ಅಂದ್ರೆ ಎಷ್ಟು ಸಲ ಬಸುರಾಗಿದ್ದು, ಪಿ ಅಂದ್ರೆ ಎಷ್ಟು ಹೆರಿಗೆ, ಎಲ್ ಅಂದ್ರೆ ಈಗ ಬದುಕಿರೋ ಮಕ್ಕಳು, ಎ ಅಂದ್ರೆ ನಡುವೆ ಹೋಗಿದ್ದು, ತಾನಾಗೇ ಹೋಗಿರ್ಲಿ ತೆಗೆಸಿರ್ಲಿ ಎರಡಕ್ಕೂ ಅದೇ ಎ. ಒಂದೂವರೆ ಇಂಚು ಜಾಗದಲ್ಲಿ ಒಬ್ಬಳ ಹೊಟ್ಟೆ ಕಥೆ ಪೂರ್ತಿ. ಮನೇಲಿ ಯಾರೂ ಬಾಯಿ ಬಿಟ್ಟು ಹೇಳದೇ ಇದ್ದಿದ್ದನ್ನ ಆ ಫೈಲು ದಪ್ಪ ಅಕ್ಷರದಲ್ಲಿ ಹೇಳ್ತಿತ್ತು, ನಂಗೆ ಅದು ಹೆಂಗನ್ನಿಸ್ತು ಅಂದ್ರೆ, ಸಂಕಟಾನೂ ಆಯ್ತು, ಸದ್ಯ ಎಲ್ಲೋ ಒಂದ್ಕಡೆ ಲೆಕ್ಕಕ್ಕೆ ಬಂತಲ್ಲ ಅಂತ ಸಮಾಧಾನಾನೂ ಆಯ್ತು.

ಆ ಮೊದಲನೇದು 2022ರ ಮಳೆಗಾಲದ್ದು. ಒಂಬತ್ತು ವಾರಕ್ಕೆ ಸ್ಕ್ಯಾನ್ ಮಾಡಿದಾಗ ಡಾಕ್ಟರ್ ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಪ್ರೋಬನ್ನ ಆ ಕಡೆ ಈ ಕಡೆ ಆಡಿಸ್ತಾನೇ ಇದ್ರು. ಬೆಳವಣಿಗೆ ಆರು ವಾರಕ್ಕೇ ನಿಂತಿದೆ, ಹಾರ್ಟ್‌ಬೀಟ್ ಇಲ್ಲ ಅಂದ್ರು. ಅಂದ್ರೆ ಮೂರು ವಾರದಿಂದ ನಾನು ಇಲ್ಲದೇ ಇರೋದಕ್ಕೆ ಹಾಲು ಕುಡೀತಾ, ಹುಷಾರಾಗಿ ಮೆಟ್ಟಿಲು ಇಳೀತಾ ಇದ್ದೆ. ನನ್ನ ಮೊದಲ ಪ್ರಶ್ನೆ ಎಲ್ಲರದ್ದೂ ಇರೋದೇ, ನಾನೇನು ಮಾಡ್ಬಿಟ್ಟೆ ಅಂತ. ಸ್ಕೂಟರ್ ಓಡಿಸಿದ್ನಾ, ಪರಂಗಿ ಹಣ್ಣು ತಿಂದ್ನಾ, ಆಫೀಸಲ್ಲಿ ಟೆನ್ಷನ್ ಮಾಡ್ಕೊಂಡ್ನಾ. ಡಾಕ್ಟರ್ ಕೂರಿಸ್ಕೊಂಡು ಹೇಳಿದ್ರು, ಗೊತ್ತಾದ ಬಸುರಲ್ಲೇ ನೂರಕ್ಕೆ ಹತ್ತು ಹದಿನೈದು ಹಿಂಗೆ ಹೋಗುತ್ವೆ, ಶುರುವಲ್ಲೇ ಹೋಗೋದ್ರಲ್ಲಿ ಸುಮಾರು ಅರ್ಧಕ್ಕೆ ಕಾರಣ ವರ್ಣತಂತುಗಳ ಏರುಪೇರು, ಅಂಡ ವೀರ್ಯ ಕೂಡೋ ಹೊತ್ತಲ್ಲೇ ಆಗಿಹೋಗಿರೋ ತಪ್ಪು, ನಿನ್ನ ಸ್ಕೂಟರ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂತ. ಕೇಳಿಸ್ಕೊಂಡೆ. ನಂಬೋಕೆ ಒಂದು ವರ್ಷ ಹಿಡೀತು.

ನಮ್ಮಲ್ಲಿ ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬಾರದು ಅಂತ ಇದೆಯಲ್ಲ, ದೃಷ್ಟಿ ಆಗತ್ತೆ ಅಂತ. ಅದ್ರಿಂದ ಏನಾಗತ್ತೆ ಅಂದ್ರೆ ಬಸುರಿನ ಸುದ್ದಿ ಹೇಳಿರಲ್ಲ, ಹಂಗಾಗಿ ಹೋದ ಸುದ್ದೀನೂ ಹೇಳೋ ಹಂಗಿಲ್ಲ. ಆಫೀಸಿಗೆ "ಫುಡ್ ಪಾಯ್ಸನ್" ಅಂತ ಮೆಸೇಜ್ ಹಾಕಿ ನಾಲ್ಕು ದಿನ ರಜ ತಗೊಂಡೆ. ಕಾನೂನಲ್ಲಿ ಇದಕ್ಕೂ ಆರು ವಾರ ಸಂಬಳ ಸಹಿತ ರಜ ಇದೆ ಅನ್ನೋದು ಆಮೇಲೆ ಗೊತ್ತಾಯ್ತು, ಗೊತ್ತಿದ್ರೂ ತಗೋತಿರಲಿಲ್ಲ ಬಿಡಿ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದ್ರೆ ಎರಡನೇ ಸಲ ಬಸುರಾದಾಗ ನನ್ನ ತಲೇಲಿ ಇದ್ದಿದ್ದು ಬರೀ ಲೆಕ್ಕ. ಇವತ್ತು ಎಷ್ಟು ವಾರ ಎಷ್ಟು ದಿನ, ಬೆಳಿಗ್ಗೆ ಹಲ್ಲುಜ್ಜೋಕ್ಕಿಂತ ಮುಂಚೆ ಅದೇ.

ಮತ್ತೆ ಈ ಲೆಕ್ಕಾನೇ ವಿಚಿತ್ರ. ಡಾಕ್ಟರ್ ಲೆಕ್ಕದ ಮೊದಲ ಎರಡು ವಾರ ಹೊಟ್ಟೇಲಿ ಏನೂ ಇರಲ್ಲ! ಕೊನೇ ಮುಟ್ಟಾದ ಮೊದಲ ದಿನದಿಂದ ಎಣಿಸ್ತಾರೆ, ಅಂಡ ಬಿಡುಗಡೆ ಆಗೋದು ಅದಾಗಿ ಸುಮಾರು ಎರಡು ವಾರಕ್ಕೆ, ಅದು ವೀರ್ಯದ ಜೊತೆ ಕೂಡೋದು ಗರ್ಭನಾಳದಲ್ಲಿ, ಅಲ್ಲಿಂದ ಒಡೀತಾ ಒಡೀತಾ ಉರುಳ್ಕೊಂಡು ಬಂದು ಗರ್ಭಕೋಶದ ಗೋಡೆಗೆ ಅಂಟ್ಕೊಳ್ಳೋಕೆ ಇನ್ನೊಂದು ವಾರದ ಹತ್ರ. ಮುಟ್ಟು ತಪ್ಪಿ ಕಡ್ಡಿ ಟೆಸ್ಟಲ್ಲಿ ಎರಡು ಗೆರೆ ಬರೋ ಹೊತ್ತಿಗೆ "ನಿಮಗೀಗ ಐದನೇ ವಾರ" ಅಂತಾರೆ, ನಾವು ಅಯ್ಯೋ ಆಗ್ಲೇನಾ ಅಂತೀವಿ. ಮುಟ್ಟಿಂದ ಎಣಿಸೋದು ಯಾಕಂದ್ರೆ ಮುಟ್ಟಾದ ದಿನ ಹೆಂಗಸಿಗೆ ನೆನಪಿರತ್ತೆ, ಅಂಡ ಬಿಟ್ಟ ದಿನ ಯಾರಿಗೆ ಗೊತ್ತು. ಈ ಲೆಕ್ಕಕ್ಕೆ ಹೆಸರು ಕೊಟ್ಟಿದ್ದು ಜರ್ಮನಿಯ ನೇಗೆಲೆ ಅನ್ನೋ ಹೆರಿಗೆ ಡಾಕ್ಟರು, 19ನೇ ಶತಮಾನದ ಶುರುವಲ್ಲಿ. ಕೊನೇ ಮುಟ್ಟಿನ ತಾರೀಖಿಗೆ ಏಳು ದಿನ ಸೇರಿಸಿ ಮೂರು ತಿಂಗಳು ಹಿಂದಕ್ಕೆ ಹೋಗಿ, ಅದೇ ಹೆರಿಗೆ ದಿನ. ಒಟ್ಟು ಸುಮಾರು 280 ದಿನ. ನನ್ನ ಕೊನೇ ಮುಟ್ಟು 2023ರ ಏಪ್ರಿಲ್ 5. ಹಂಗಾಗಿ ಕಾರ್ಡ್ ಮೇಲೆ ಬಿದ್ದಿದ್ದು 2024 ಜನವರಿ 12.

ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ನಮ್ಮೂರು ಮಧುಗಿರಿ ಕಡೆ. ಅಜ್ಜಿಗೆ ಎಂಬತ್ತೈದು ದಾಟಿದೆ, ಓದು ಬರಹ ಇಲ್ಲ, ತಾರೀಖು ಬೇಕಿಲ್ಲ. "ಯುಗಾದಿ ಆಗಿ ಹುಣ್ಣಿಮೇಗೆ ಮುಟ್ಟಾಗಿದ್ದೆ ಅಂತೀಯ, ಹಂಗಾದ್ರೆ ಒಂಬತ್ತು ತುಂಬಿ ಹತ್ರಲ್ಲಿ ಬಿದ್ದು ಅಮಾಸೆ ಹೊತ್ಗೆ ಆಗ್ತದೆ, ಸಂಕ್ರಾಂತಿ ಹಿಂದುಮುಂದು" ಅಂತು. ನಾನು ಗೋಡೆ ಪಂಚಾಂಗ ತೆಗೆದು ನೋಡಿದೆ. ಜನವರಿ 11 ಅಮಾವಾಸ್ಯೆ! ನೇಗೆಲೆಗೂ ನಮ್ಮಜ್ಜಿಗೂ ಒಂದು ದಿನದ ವ್ಯತ್ಯಾಸ. ಲೆಕ್ಕ ಹಾಕಿದ್ರೆ ಸರೀನೇ ಇದೆ, ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ಒಂಬತ್ತೂವರೆ ಸಲ ಸುತ್ತಿದ್ರೆ 280. ನಂಗಿನ್ನೂ ಮಜಾ ಬಂದಿದ್ದು ಆ ವರ್ಷ ಅಧಿಕ ಶ್ರಾವಣ ಬಂದಿತ್ತಲ್ಲ, ಅಧಿಕ ಮಾಸವನ್ನ ಹೆಂಗೆ ಲೆಕ್ಕ ಹಾಕ್ತೀಯಜ್ಜಿ ಅಂದಿದ್ದಕ್ಕೆ "ಅಧಿಕ ಅಂತ ಐನೋರ್ಗೆ ಗೊತ್ತು, ಹೊಟ್ಟೇಲಿರೋದಕ್ಕೆ ಏನು ಗೊತ್ತು? ಅದನ್ನೂ ಸೇರುಸ್ಕೋ" ಅಂದಾಗ.

ಆಪ್ ಒಂದು ಹಾಕ್ಕೊಂಡಿದ್ದೆ ಮೊಬೈಲ್‌ಗೆ. ಅದು ಪ್ರತಿ ವಾರ ಮಗೂನ ಒಂದೊಂದು ಹಣ್ಣಿಗೆ ಹೋಲಿಸತ್ತೆ. ಬ್ಲೂಬೆರಿ, ರಾಸ್ಪ್‌ಬೆರಿ, ಮುಂದೆ ಯಾವುದೋ ಟರ್ನಿಪ್. ನಾನು ಟರ್ನಿಪ್ ಕೈಯಲ್ಲಿ ಹಿಡಿದೇ ನೋಡಿಲ್ಲ ಮಾರಾಯ್ರೆ, ಅದರ ಸೈಜ್ ಗೊತ್ತಾಗೋದು ಹೆಂಗೆ. ಅದಕ್ಕೆ ನಮ್ಮನೆ ಡಬ್ಬಿಗಳ ಲೆಕ್ಕ ಮಾಡ್ಕೊಂಡೆ. ಐದನೇ ವಾರ ಎಳ್ಳು. ಆರಕ್ಕೆ ಹೆಸರುಕಾಳು. ಏಳಕ್ಕೆ ಒಂದು ಸೆಂಟಿಮೀಟರ್, ಅವರೆಕಾಳು. ಹನ್ನೆರಡಕ್ಕೆ ಒಳ್ಳೆ ನಾಟಿ ನಿಂಬೆಹಣ್ಣು. ಹೆಸರುಕಾಳಷ್ಟಿರೋದಕ್ಕೆ ಹೃದಯ ಹೊಡ್ಕೊಳ್ಳೋದು ಶುರುವಾಗಿರತ್ತೆ, ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೇ. ಮಿದುಳು ಬೆನ್ನುಹುರಿ ಆಗಬೇಕಾದ ನಾಳ 28ನೇ ದಿನದ ಹೊತ್ತಿಗೆ ಎರಡೂ ತುದಿ ಮುಚ್ಕೊಂಡು ಮುಗಿದಿರತ್ತೆ, ಎಷ್ಟೋ ಜನಕ್ಕೆ ಆಗಿನ್ನೂ ಬಸುರಾಗಿರೋದೇ ಅನುಮಾನ. ಫೋಲಿಕ್ ಆಸಿಡ್ ಮಾತ್ರೆ ಬಸುರಾಗೋಕೆ ಮುಂಚೇನೇ ಶುರು ಮಾಡಿ ಅಂತ ಡಾಕ್ಟರು ಬಡ್ಕೊಳ್ಳೋದು ಇದಕ್ಕೇ, ಗೊತ್ತಾದ್ಮೇಲೆ ನುಂಗಿದ್ರೆ ಎಷ್ಟೋ ಸಲ ಆ ಬಾಗಿಲು ಆಗಲೇ ಹಾಕಿರತ್ತೆ.

ಏಳನೇ ವಾರದ ಸ್ಕ್ಯಾನ್‌ಗೆ ಹೋಗೋ ದಿನ ನಾನು ಹೊರಗಡೆ ಬೆಂಚಲ್ಲಿ ಕೂತು ಉಗುರು ಕಚ್ತಾ ಇದ್ದೆ. ಒಳಗೆ ಮಲಗಿ ಕಣ್ಣು ಮುಚ್ಕೊಂಡೆ, ಸ್ಕ್ರೀನ್ ನೋಡೋ ಧೈರ್ಯ ಇಲ್ಲ. ಡಾಕ್ಟರ್ "ಕಣ್ಣು ಬಿಡಮ್ಮ, ಇಲ್ಲಿ ನೋಡು" ಅಂದ್ರು. ಬೂದಿ ಬಣ್ಣದಲ್ಲಿ ಒಂದು ಕಪ್ಪು ಚೀಲ, ಅದರೊಳಗೆ ಒಂದು ಕಾಳು, ಕಾಳಿನ ಮಧ್ಯೆ ಏನೋ ಮಿಣಿಮಿಣಿ ಅಂತಿದೆ, ವೋಲ್ಟೇಜ್ ಕಮ್ಮಿ ಇದ್ದಾಗ ಬಲ್ಬ್ ಆಡತ್ತಲ್ಲ ಹಂಗೆ. ಅಷ್ಟೇ. ಹೊರಗೆ ಬಂದಾಗ ನಮ್ಮನೆಯವರ ಮುಖ ಬೆಳ್ಳಗಾಗಿತ್ತು, ನಾನು ಹೆಬ್ಬೆರಳು ಎತ್ತಿದೆ. ಇಬ್ಬರೂ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿಂದ್ವಿ, ನಾನು ಹತ್ತು ನಿಮಿಷಕ್ಕೆ ಎಲ್ಲಾ ವಾಂತಿ ಮಾಡಿದೆ.

ವಾಂತಿ ಬಗ್ಗೆ ಬರೆಯೋಕೆ ಹೋದ್ರೆ ಅದೇ ಒಂದು ಪುರಾಣ. ಮೇ ತಿಂಗಳು, ಊರೆಲ್ಲಾ ಮಾವಿನ ಹಣ್ಣು, ನಂಗೆ ಒಗ್ಗರಣೆ ವಾಸನೆ ಬಂದ್ರೆ ಕರುಳು ಬಾಯಿಗೆ ಬರೋದು. "ವಾಂತಿ ಜಾಸ್ತಿ ಆದ್ರೆ ಮಗೂಗೆ ಕೂದಲು ಜಾಸ್ತಿ", "ಅದೆಲ್ಲಾ ಮನಸ್ಸಿಂದು, ಯೋಚ್ನೆ ಬಿಡು", ಹೇಳೋರಿಗೇನು ಕಮ್ಮೀನಾ. ನಾನು ಒಂಬತ್ತರಲ್ಲಿದ್ದಾಗ, 2023ರ ಡಿಸೆಂಬರ್‌ನಲ್ಲಿ, ಒಂದು ಅಧ್ಯಯನ ಹೊರಗೆ ಬಂತು: ವಾಂತಿಗೆ ದೊಡ್ಡ ಕಾರಣ ಜಿಡಿಎಫ್15 ಅನ್ನೋ ಹಾರ್ಮೋನು, ಅದು ಮಗು ಕಡೆಯಿಂದ ತಾಯಿ ರಕ್ತಕ್ಕೆ ಬರತ್ತೆ, ಬಸುರಾಗೋಕೆ ಮುಂಚೆ ಯಾರ ಮೈಯಲ್ಲಿ ಅದು ಕಮ್ಮಿ ಇತ್ತೋ ಅವರಿಗೆ ಒಮ್ಮೆಲೇ ಬಂದು ಹೊಡ್ದಂಗಾಗಿ ಹೆಚ್ಚು ಕಾಡತ್ತೆ ಅಂತ. ಆ ಸುದ್ದೀನ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗೆ ಹಾಕಿದೆ. ಯಾರೂ ಲೈಕ್ ಮಾಡಲಿಲ್ಲ.

ಮೂರು ತಿಂಗಳು ಕಳೀತು, ವಾಂತಿ ಇಳೀತು, ಜನಕ್ಕೆ ಹೇಳಿದ್ವಿ. ಇಪ್ಪತ್ತನೇ ವಾರದ ಹತ್ರ ಅನಾಮಲಿ ಸ್ಕ್ಯಾನ್ ಅಂತ ಮಾಡ್ತಾರಲ್ಲ, ತಲೆಯಿಂದ ಪಾದದ ತನಕ ಅಳತೆ, ಹೃದಯದ ನಾಲ್ಕು ಕೋಣೆ, ಕಿಡ್ನಿ, ಬೆನ್ನುಮೂಳೆ ಸಾಲು, ತುಟಿ. ಗೋಡೆ ಮೇಲೆ ದೊಡ್ಡ ಬೋರ್ಡು, ಭ್ರೂಣಲಿಂಗ ಪತ್ತೆ ಅಪರಾಧ ಅಂತ, 1994ರ ಕಾಯ್ದೆ. ಬೋರ್ಡ್ ಕೆಳಗೇ ಕೂತ್ಕೊಂಡು ಅತ್ತೆ "ಡಾಕ್ಟರ್ ಮುಖ ನಗ್ತಾ ಇತ್ತಾ?" ಅಂತ ಕೇಳಿದ್ರು, ನಕ್ಕಿದ್ರೆ ಏನು ಅಂತ ನಾನೂ ಕೇಳಲಿಲ್ಲ.

ಮಗು ಆಡಿದ್ದು ಅದಕ್ಕೆ ಸ್ವಲ್ಪ ಮುಂಚೆ, ತುಮಕೂರು ಬಸ್ಸಲ್ಲಿ, ನೆಲಮಂಗಲ ಟೋಲ್ ಹತ್ರ ಟ್ರಾಫಿಕ್ ನಿಂತಿದ್ದಾಗ. ಗ್ಯಾಸ್ ಅನ್ಕೊಂಡೆ. ಒಳಗಿಂದ ಯಾರೋ ಒಂದೇ ಬೆರಳಲ್ಲಿ ತಟ್ಟಿದಂಗೆ. ಮತ್ತೆ ಒಂದು ಸಲ. ಆಮೇಲೆ ಎರಡು ದಿನ ಏನೂ ಇಲ್ಲ, ಆ ಎರಡು ದಿನ ನಾನು ಯಾರ ಜೊತೇನೂ ಸರಿಯಾಗಿ ಮಾತಾಡಿಲ್ಲ. ಒಂದು ಸಲ ಕಳ್ಕೊಂಡೋಳಿಗೆ ಸುಖ ಬಂದ್ರೂ ಅದರ ಬೆನ್ನಿಗೇ ಒಬ್ಬ ಸಾಲಗಾರ ನಿಂತಿರ್ತಾನೆ.

ಬಯಕೆ ಅಂದ್ರೆ ಹುಳಿ, ಹುಣಸೆಹಣ್ಣು ಅಂತಾರೆ. ನಂಗೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಬಾಯಲ್ಲಿ ನೀರು. ನಾಚಿಕೆ ಆಗಿ ಯಾರಿಗೂ ಹೇಳಿರಲಿಲ್ಲ, ಅಜ್ಜಿ ಹತ್ರ ಹೇಳಿದ್ರೆ ಅದು ನಗಾಡ್ತು, "ನಾನು ಒಲೆ ಮಣ್ಣು ಕೆರೆದು ಕೆರೆದು ತಿಂದು ಒಂದ್ ಗುಂಡೇ ಸವೆಸಿದ್ದೆ, ನಮ್ಮತ್ತೆ ಇಲಿ ಕೆರೀತಾವೆ ಅನ್ಕಂಡಿದ್ಲು" ಅಂತು. ಡಾಕ್ಟರ್‌ಗೆ ಹೇಳಿದಾಗ ಅವರು ನಗಲಿಲ್ಲ, ರಕ್ತ ಟೆಸ್ಟ್ ಬರೆದ್ರು. ಹಿಮೋಗ್ಲೋಬಿನ್ 9.8. ಬಸುರಿಗೆ 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ಮಣ್ಣು, ಬಳಪ, ಹಸೀ ಅಕ್ಕಿ ಹಿಂಗೆ ಆಸೆ ಆಗೋದಕ್ಕೂ ಕಬ್ಬಿಣಾಂಶ ಕಮ್ಮಿ ಆಗೋದಕ್ಕೂ ನಂಟಿದೆಯಂತೆ. ನಮ್ಮ ದೇಶದಲ್ಲಿ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಂಗೇ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ 52 ಪರ್ಸೆಂಟ್. ಬಸುರಲ್ಲಿ ಮೈಯಲ್ಲಿರೋ ರಕ್ತದ ಪ್ರಮಾಣ ಶೇಕಡಾ 40ರಷ್ಟು ಏರತ್ತೆ, ಅದಕ್ಕೆ ತಕ್ಕಂಗೆ ಕಬ್ಬಿಣ ಬೇಕೇ ಬೇಕು. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಕಾಫಿ ಕುಡೀಬೇಡ, ಕುಡಿದ್ರೆ ಮಾತ್ರೆ ದಂಡ, ನಿಂಬೆ ಪಾನಕ ಕುಡಿ ಅಂದ್ರು. ಕಾಫಿ ಬಿಟ್ಟಿದ್ದು ನನ್ನ ಇಡೀ ಬಸುರಲ್ಲಿ ನಾನು ಮಾಡಿದ ಅತಿ ದೊಡ್ಡ ತ್ಯಾಗ.

ಆ ಒಲೆ ಮಣ್ಣಿನ ಮಾತಿಗೆ ಸೇರಿಸಿ ಅಜ್ಜಿಗೆ ಒಂದು ವಿಷಯ ಹೇಳಿದ್ದೆ. ಹೆಣ್ಣು ಮಗು ಹೊಟ್ಟೇಲಿ ಐದು ತಿಂಗಳು ಇರುವಾಗ್ಲೇ ಅದರ ಅಂಡಾಶಯದಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡ ಇರ್ತಾವೆ, ಅದೇ ಗರಿಷ್ಠ, ಆಮೇಲೆ ಬರೀ ಕಮ್ಮಿ ಆಗ್ತಾ ಹೋಗೋದು, ಹುಟ್ಟೋ ಹೊತ್ಗೆ ಹತ್ತಿಪ್ಪತ್ತು ಲಕ್ಷ ಉಳಿದಿರತ್ತೆ. ಅಂದ್ರೆ ಅಮ್ಮ ನಿನ್ನ ಹೊಟ್ಟೇಲಿದ್ದಾಗ ನಾನಾಗೋ ಅಂಡಾನೂ ಅಲ್ಲೇ ಇತ್ತಜ್ಜಿ ಅಂದೆ. ಅಜ್ಜಿ ಒಂಚೂರು ಯೋಚ್ನೆ ಮಾಡಿ, "ಹಂಗಾದ್ರೆ ನಿನಗೂ ಒಲೆ ಮಣ್ಣು ತಿನ್ಸಿದೀನಿ ಬಿಡು, ಅದಕ್ಕೇ ಹಿಂಗಾಡ್ತೀಯ" ಅಂತು.

ಪಿತೃಪಕ್ಷ ಕಳೆದು ದಸರಾ ರಜೇಲಿ ಸೀಮಂತ ಮಾಡಿದ್ರು. ಏಳನೇ ತಿಂಗಳು. ಬೆಸ ತಿಂಗಳಲ್ಲೇ ಮಾಡಬೇಕು, ಎಂಟು ಆಗಲ್ಲ. ಎಂಟು ಅಂದ್ರೆ ನಮ್ಮೂರಲ್ಲಿ ಎಲ್ಲರಿಗೂ ಒಂಥರಾ ಭಯ, ಏಳಕ್ಕೆ ಹುಟ್ಟಿದ್ದು ಉಳಿಯತ್ತೆ ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ. ಇದು ನಮ್ಮೂರಿನ ನಂಬಿಕೆ ಮಾತ್ರ ಅನ್ಕೊಂಡಿದ್ದೆ, ಹಳೇ ಗ್ರೀಸ್‌ನ ವೈದ್ಯ ಗ್ರಂಥಗಳಲ್ಲೂ ಇದೇ ಮಾತು ಇದೆಯಂತೆ. ನಿಜ ನೋಡಿದ್ರೆ ಉಲ್ಟಾ, ಒಳಗಿದ್ದಷ್ಟು ವಾರ ಲಾಭ. ಶ್ವಾಸಕೋಶದ ಗಾಳಿ ಚೀಲಗಳು ಒಂದಕ್ಕೊಂದು ಅಂಟ್ಕೊಳ್ಳದೇ ಇರೋಕೆ ಒಂಥರಾ ಸೋಪಿನ ನೊರೆಯಂಥ ವಸ್ತು ಬೇಕು, ಅದು ಸಾಕಷ್ಟು ತಯಾರಾಗೋದು 34, 35ನೇ ವಾರದ ಸುಮಾರಿಗೆ. ಬೇಗ ಹೆರಿಗೆ ಆಗೋ ಹಂಗಿದ್ರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋದು ಮಗು ಶ್ವಾಸಕೋಶ ಬೇಗ ಬಲೀಲಿ ಅಂತ.

ಅಕ್ಟೋಬರ್ 28ರ ರಾತ್ರಿ ಚಂದ್ರಗ್ರಹಣ ಬಂತು. ನಂಗೆ ಬಾಗಿಲು ದಾಟೋ ಹಂಗಿಲ್ಲ, ಚಾಕು ಮುಟ್ಟೋ ಹಂಗಿಲ್ಲ, ಮಗು ತುಟಿ ಸೀಳತ್ತೆ ಅಂತ. ಮೇಲ್ತುಟಿ ಕೂಡೋದು ಎರಡು ಎರಡೂವರೆ ತಿಂಗಳಲ್ಲೇ ಮುಗಿದುಹೋಗಿರತ್ತೆ, ಸ್ಕ್ಯಾನಲ್ಲೂ ತುಟಿ ನೋಡಿ ಚೆನ್ನಾಗಿದೆ ಅಂದಿದ್ರು, 29 ವಾರಕ್ಕೆ ಚಂದ್ರ ಬಂದು ಏನು ಸೀಳ್ತಾನೆ? ಇಷ್ಟೆಲ್ಲಾ ಗೊತ್ತಿದ್ದೂ ನಾನು ಹೊರಗೆ ಹೋಗಲಿಲ್ಲ. ರಾತ್ರಿ ಒಂದು ಗಂಟೆಗೆ ಹೊರಗೆ ಹೋಗೋ ಕೆಲಸಾನೂ ಇರಲಿಲ್ಲ ಅನ್ನಿ, ಆದ್ರೂ ನಿಜ ಹೇಳಬೇಕಂದ್ರೆ ಭಯ ಇತ್ತು.

ಡಿಸೆಂಬರ್‌ನಲ್ಲಿ ತವರಿಗೆ ಬಂದೆ. ಅಜ್ಜಿ ಜೊತೆ ಜಗಲಿ ಮೇಲೆ ಕೂತ್ರೆ ಹಳೇ ಕಥೆಗಳು. ಅಜ್ಜಿ ಎಲ್ಲಾ ಮಕ್ಕಳನ್ನೂ ಹೆತ್ತಿದ್ದು ನಡುಮನೇಲೇ, ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ ತಲೆ ಎಲ್ಲಿದೆ ಅಂತ ಹೇಳೋಳಂತೆ. ನಮ್ಮ ಜಿಲ್ಲೆಯವರೇ ಸೂಲಗಿತ್ತಿ ನರಸಮ್ಮ, ಪಾವಗಡದ ಕೃಷ್ಣಾಪುರದವರು, 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದೋರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರ್ಕೊಂಡ್ರು. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ. ಒಳ್ಳೇದೇ, ಅದ್ರಲ್ಲಿ ನಂಗೆ ಎರಡು ಮಾತಿಲ್ಲ, ಅಜ್ಜಿಗೂ ಇಲ್ಲ. "ಏಳು ಹೆತ್ತೆ, ಐದು ಇದಾವೆ. ಒಂದು ಎಂಟಕ್ಕೆ ಬಂತು, ಇನ್ನೊಂದು ಹೊರಗೆ ಬಂದು ಅಳಲೇ ಇಲ್ಲ. ಆಸ್ಪತ್ರೆ ಇದ್ದಿದ್ರೆ ಅಳಸ್ತಿದ್ರೇನೋ" ಅಂತು, ರಾಗಿ ಹಿಟ್ಟು ಜರಡಿ ಹಿಡೀತಾನೇ. ಅಜ್ಜಿ ಯಾವಾಗ್ಲೂ ಹಂಗೇ, ಮಕ್ಕಳೆಷ್ಟು ಅಂದ್ರೆ ಐದು ಅನ್ನತ್ತೆ, ಹೆತ್ತಿದ್ದೆಷ್ಟು ಅಂದ್ರೆ ಏಳು.

ಜನವರಿ 11ರ ಅಮಾವಾಸ್ಯೆ ಬಂತು ಹೋಯ್ತು. 12 ಬಂತು ಹೋಯ್ತು. ಹೇಳಿದ ದಿನಕ್ಕೇ ಹುಟ್ಟೋ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೇ ಅಂತ ಗೊತ್ತಿದ್ರೂ ದಿನಕ್ಕೆ ಇಪ್ಪತ್ತು ಫೋನು, "ಆಯ್ತಾ?" ಅಂತ. ಸಂಕ್ರಾಂತಿ ಎಳ್ಳು ಬೀರೋದೂ ಮುಗೀತು. 16ನೇ ತಾರೀಖು ಸಂಜೆ ಅಮ್ಮ ಅವರೆಕಾಳು ನೆನೆಹಾಕಿ ಹಿತಕಬೇಳೆ ಮಾಡೋಕೆ ಕೂತಿದ್ಲು, ನಾನೂ ಕೂತೆ. ಎರಡು ಬೆರಳಲ್ಲಿ ಕಾಳನ್ನ ಹಿಡಿದು ಒತ್ತಿದ್ರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಸಕ್ ಅಂತ ಪಾತ್ರೆಗೆ ಹಾರತ್ತೆ. ಸೊಂಟದ ಹಿಂದೆ ಎಲ್ಲೋ ಹಿಡ್ಕೊಂಡಂಗಾಯ್ತು, ಬಿಟ್ಟೋಯ್ತು. ಕಾಲು ಗಂಟೆ ಬಿಟ್ಟು ಮತ್ತೆ. ನಾನು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿದೆ, ಐದು ನಿಮಿಷಕ್ಕೊಂದು, ಒಂದೊಂದು ಒಂದು ನಿಮಿಷ, ಹಂಗೆ ಒಂದು ಗಂಟೆ ನಡೆದ್ರೆ ಹೊರಡಬೇಕು ಅಂತ ಡಾಕ್ಟರ್ ಹೇಳಿದ್ರು. ಅಮ್ಮ ಗಾಬರಿಯಾಗಿ ಆಟೋಗೆ ಫೋನ್ ಮಾಡ್ತೀನಿ ಅಂದ್ಲು. ಅಜ್ಜಿ ಮೂಲೆಯಿಂದ "ಇನ್ನೂ ಬೇನೆ ಬಂದಾಗ ಮಾತಾಡ್ತಾ ಅವ್ಳೆ, ಬಾಯಿ ನಿಂತಾಗ ಹೇಳು" ಅಂತು. ನಾನು ಸುಮಾರು ಅರ್ಧ ಸೇರು ಬೇಳೆ ಹಿತಕಿದೆ ಆವತ್ತು. ರಾತ್ರಿ ಹತ್ತಕ್ಕೆ ಒಂದು ಬೇನೆ ಬಂತು, ನಾನು ಏನೋ ಹೇಳ್ತಾ ಇದ್ದೋಳು ಅರ್ಧಕ್ಕೆ ನಿಲ್ಲಿಸಿ ಕಂಬ ಹಿಡ್ಕೊಂಡೆ. ಅಜ್ಜಿ ಎದ್ದು ನಿಂತು "ಈಗ ಹೊರಡಿ" ಅಂತು. ಆಸ್ಪತ್ರೇಲಿ ನೋಡಿದಾಗ ನಾಲ್ಕು ಸೆಂಟಿಮೀಟರ್ ಓಪನ್ ಆಗಿತ್ತು.

ಹತ್ತಾಗಬೇಕು. ಗರ್ಭಕೋಶದ ಬಾಯಿ ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿದ್ದು ಮೆತ್ತಗಾಗಿ ತೆಳ್ಳಗಾಗಿ ಹತ್ತು ಸೆಂಟಿಮೀಟರ್ ಆಗೋವರೆಗೂ ಮೊದಲನೇ ಹಂತ, ಅಲ್ಲಿಂದ ಮಗು ಹೊರಗೆ ಬರೋವರೆಗೂ ಎರಡನೇದು, ಕಸ, ಅಂದ್ರೆ ಮಾಸು, ಬೀಳೋದು ಮೂರನೇದು. ಪುಸ್ತಕದಲ್ಲಿ ಹಂತ ಹಂತ ಅಂತ ಓದಿದ್ದೆ, ಟೇಬಲ್ ಮೇಲೆ ಹಂತ ಗಿಂತ ಏನೂ ಗೊತ್ತಾಗಲಿಲ್ಲ, ಗೋಡೆ ಗಡಿಯಾರ ಒಂದೇ. ಪಕ್ಕದ ಟೇಬಲ್ ಹುಡುಗಿ ಇಪ್ಪತ್ತು ವರ್ಷದ್ದಿರಬೇಕು, ಅಮ್ಮಾ ಅಂತ ಕೂಗಿದ್ದಕ್ಕೆ ಅಲ್ಲಿದ್ದ ಒಬ್ಬಾಕೆ ಸಿಬ್ಬಂದಿ ಅವಳಿಗೆ ಹೇಳಿದ ಮಾತನ್ನ ಇಲ್ಲಿ ಬರೆಯೋಕಾಗಲ್ಲ. ಯಾವ ಆಸ್ಪತ್ರೆ ಅಂತಾನೂ ಬರೆಯಲ್ಲ, ಯಾಕಂದ್ರೆ ಆಮೇಲೆ ನಾನು ಗೆಳತಿಯರನ್ನ ಕೇಳಿದಾಗ ಬೇರೆ ಬೇರೆ ಊರಿನ ನಾಲ್ಕು ಜನ ಹೆಚ್ಚೂಕಮ್ಮಿ ಅದೇ ಮಾತು ಕೇಳಿದ್ದೋರೇ. ಬೇನೆ ತಿನ್ನೋಳಿಗೆ ಬೈಯೋದು ಟ್ರೀಟ್ಮೆಂಟ್ ಅಲ್ಲ. ಆ ಹುಡುಗಿ ಬಾಯಿಗೆ ಸೆರಗು ತುರುಕ್ಕೊಂಡ್ಲು. ಅದು ನಂಗೆ ನನ್ನ ನೋವಿಗಿಂತ ಜಾಸ್ತಿ ನೆನಪಿದೆ.

ಬೆಳಗಿನ ಜಾವ ಐದೂವರೆ ಹೊತ್ತಿಗೆ ಡಾಕ್ಟರ್ ಬಂದ್ರು. ಮಗು ಸುಮ್ಮನೆ ನೇರ ಜಾರಿ ಬರಲ್ಲ, ಸೊಂಟದ ಮೂಳೆ ಕಿಂಡಿ ಮೇಲೆ ಅಡ್ಡಗಲ, ಕೆಳಗೆ ಉದ್ದಗಲ, ಅದಕ್ಕೆ ತಕ್ಕಂಗೆ ತಲೆ ತಿರುಗಿಸ್ಕೊಂಡು ಗದ್ದ ಎದೆಗೆ ಒತ್ಕೊಂಡು ಬರಬೇಕು. ತಲೆಬುರುಡೆ ಮೂಳೆಗಳು ಇನ್ನೂ ಕೂಡಿರಲ್ಲ, ಒಂದರ ಮೇಲೊಂದು ಸರಿದು ಜಾಗ ಮಾಡ್ಕೊಳ್ತಾವೆ, ಹುಟ್ಟಿದ ಮಗು ನೆತ್ತಿ ಲಪಲಪ ಅನ್ನೋದು ಅದಕ್ಕೇ. ಇದೆಲ್ಲಾ ಈಗ ಕೂತು ಬರೀತಿದೀನಿ, ಆಗ ಗೊತ್ತಿದ್ದಿದ್ದು ಒಂದೇ, ಸೈಕಲ್ ಪಂಪ್ ಕೊನೇ ಒತ್ತು ಒತ್ತಿದಂಗೆ ಎಲ್ಲಾ ಉಸಿರನ್ನೂ ಕೆಳಗೆ ತಳ್ಳೋದು. ಆರು ಗಂಟೆ ಏಳು ನಿಮಿಷ. ಒಂದು ಕ್ಷಣ ಸದ್ದೇ ಇಲ್ಲ, ನಂಗೆ ಅಜ್ಜಿಯ "ಅಳಲೇ ಇಲ್ಲ" ಅನ್ನೋದು ಕಿವೀಲಿ. ಆಮೇಲೆ ಅತ್ತಿತು. ಅಲ್ಲಿವರೆಗೂ ನೀರು ತುಂಬಿದ್ದ ಶ್ವಾಸಕೋಶಕ್ಕೆ ಗಾಳಿ ನುಗ್ಗತ್ತೆ, ಹೃದಯದ ಎರಡು ಮೇಲಿನ ಕೋಣೆ ಮಧ್ಯೆ ಇದ್ದ ಕಿಂಡಿ ಬಾಗಿಲು ಒತ್ತಡಕ್ಕೆ ಮುಚ್ಕೊಳತ್ತೆ, ರಕ್ತ ದಾರಿ ಬದಲಿಸತ್ತೆ, ಎಲ್ಲಾ ಆ ಒಂದು ಅಳುವಿನ ಆಸುಪಾಸಲ್ಲೇ. ಹೆಣ್ಣು ಮಗು, ಎರಡು ಕೇಜಿ ಎಂಟುನೂರು ಗ್ರಾಂ. ಹೊಕ್ಕುಳ ಬಳ್ಳಿ ಒಂದೆರಡು ನಿಮಿಷ ಬಿಟ್ಟು ಕತ್ತರಿಸಿದ್ರು, ಅಷ್ಟು ಹೊತ್ತು ಅದು ನನ್ನ ಹೊಟ್ಟೆ ಮೇಲೆ ಬೆಚ್ಚಗೆ ಒದ್ದೆ ಬಟ್ಟೆ ತರ ಬಿದ್ಕೊಂಡಿತ್ತು. ಕಸ ಬಿದ್ದಾಗ ತೋರಿಸಿ ಅಂದೆ. ಸಿಸ್ಟರ್‌ಗೆ ಆಶ್ಚರ್ಯ, ಯಾರೂ ಕೇಳಲ್ವಂತೆ. ಟ್ರೇನಲ್ಲಿ ತೋರಿಸಿದ್ರು, ಊಟದ ತಟ್ಟೆ ಅಗಲ, ಅರ್ಧ ಕೇಜಿ, ಒಂದು ಕಡೆ ಕೆಂಪು ಮಾಂಸ, ತಿರುಗಿಸಿದ್ರೆ ಹೊಳಪು, ಬಳ್ಳಿಯಿಂದ ರಕ್ತನಾಳಗಳು ಮರದ ಬೇರಿನ ತರ ಹರಡಿದ್ವು. ಒಂಬತ್ತು ತಿಂಗಳು ಊಟ, ಉಸಿರು, ಕಸ ಗುಡಿಸೋದು ಎಲ್ಲಾ ಮಾಡಿದ್ದು ಅದೇ, ಅದಕ್ಕೇ ಕಸ ಅಂತ ಹೆಸರಿಟ್ಟಿದೀವಿ.

ಬಾಣಂತನದ ಬಗ್ಗೆ ಜಾಸ್ತಿ ಬರೆಯಲ್ಲ. ಹರಳೆಣ್ಣೆ, ಹಂಡೆ ನೀರು, ಸಾಂಬ್ರಾಣಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು. ನಾನು ಹಿತಕಿದ ಬೇಳೆ ಸಾರು ನಂಗೇ ಇಲ್ಲ, ಅವರೆ ವಾಯು ಅಂತ. ನೀರು ಕಮ್ಮಿ ಕುಡಿ ಅಂದಿದ್ದಕ್ಕೆ ಮಾತ್ರ ಜಗಳ ಆಡಿದೆ, ಹಾಲು ಕುಡಿಸೋಳಿಗೆ ಬಾಯಾರಿಕೆ ಆಗತ್ತೆ, ಚೊಂಬು ಹಾಸಿಗೆ ಪಕ್ಕ ಇಟ್ಕೊಂಡೇ ಮಲಗಿದೆ. ಉಳಿದಿದ್ದಕ್ಕೆ ತಲೆ ಬಾಗಿದೆ. ಬಸುರಿಲ್ಲದಾಗ ಅರವತ್ತು ಎಪ್ಪತ್ತು ಗ್ರಾಂ ಇರೋ ಗರ್ಭಕೋಶ ಹೆರಿಗೆ ಹೊತ್ತಿಗೆ ಒಂದು ಕೇಜಿ ಆಗಿರತ್ತೆ, ಅದು ವಾಪಸ್ ಮೊದಲಿನ ಹಂಗಾಗೋಕೆ ಆರು ವಾರ ಬೇಕು. ನಲವತ್ತು ದಿನ ಬಾಣಂತಿ ಎದ್ದು ಓಡಾಡಿ ದುಡೀಬಾರದು ಅಂದೋರು ಯಾರೋ ಲೆಕ್ಕ ಬಲ್ಲೋರೇ.

ಇಪ್ಪತ್ತನೇ ದಿನವೋ ಏನೋ, ಮಧ್ಯಾಹ್ನ, ಅಜ್ಜಿ ಮಗೂನ ಕಾಲ ಮೇಲೆ ಹಾಕ್ಕೊಂಡು ನೆತ್ತಿಗೆ ಎಣ್ಣೆ ಒತ್ತುತ್ತಾ ಇತ್ತು. ನಾನು ಆಸ್ಪತ್ರೆ ಫೈಲ್ ತೆಗೆದು ಲಸಿಕೆ ತಾರೀಖು ನೋಡ್ತಿದ್ದೆ. ಏನು ಬರ್ದಿದಾರೆ ಓದು ಅಂತು. ಡಿಸ್ಚಾರ್ಜ್ ಕಾಗದದ ಮೊದಲ ಸಾಲು ಓದಿದೆ, ಜಿ2 ಪಿ1 ಎಲ್1 ಎ1. ಒಂದೊಂದೂ ಏನು ಅಂತ ಬಿಡಿಸಿ ಹೇಳಿದೆ, ಎ ಹತ್ರ ಬಂದಾಗ ದನಿ ತಾನಾಗೇ ಸಣ್ಣ ಆಯ್ತು, ಅಮ್ಮ ಒಳಗಿದ್ಲು.

"ಅದನ್ನೂ ಬರ್ಕಂಡಿದಾರಾ?" ಅಂತು ಅಜ್ಜಿ. ಎಣ್ಣೆ ಕೈ ಹಂಗೇ ನಿಂತಿತ್ತು. "ನಂದೂ ಬರಿ ನೋಡಣ."

ಬಸುರೆಷ್ಟು ಅಂದೆ. ಬೆರಳು ಮಡಚ್ತಾ ಹೋಯ್ತು. ಏಳಕ್ಕೆ ನಿಲ್ಲಸತ್ತೆ ಅನ್ಕೊಂಡೆ, ಎಂಟಕ್ಕೆ ನಿಲ್ಲಿಸ್ತು. "ನಿಮ್ಮಮ್ಮನ್ಗಿಂತ ಮೊದಲು ಒಂದು ಮೂರ್ ತಿಂಗಳಿಗೇ ಹೋಯ್ತು. ಸುಗ್ಗಿ ಟೈಮು. ಕಣದಲ್ಲಿದ್ದೆ. ಯಾರ್ಗೂ ಹೇಳಿಲ್ಲ." ನಾನು ಫೈಲ್ ಹಿಂದುಗಡೆ ಖಾಲಿ ಜಾಗದಲ್ಲಿ ಬರೆದೆ. ಜಿ8 ಪಿ7 ಎಲ್5 ಎ1.

ಅಜ್ಜಿ ಕಾಗದ ಇಸ್ಕೊಂಡು ಉಲ್ಟಾ ಹಿಡ್ಕೊಂಡು ನೋಡ್ತು, ನಾನು ಸರಿ ಮಾಡಿ ಕೊಟ್ಟೆ. "ಇದ್ರಲ್ಲಿ ಆ ಸುಗ್ಗೀದು ಯಾವ್ದೇ?" ಅಂತು. ಕೈ ಹಿಡಿದು ಎ1ರ ಮೇಲೆ ಇಟ್ಟೆ. ಹರಳೆಣ್ಣೆ ಬೆರಳು, ಕಾಗದದ ಮೇಲೆ ದುಂಡಗೆ ಜಿಡ್ಡು ಮೂಡ್ತು, ಅಕ್ಷರ ಸ್ವಲ್ಪ ಹರಡ್ಕೊಳ್ತು. ಮಗು ಕೊಸರಾಡಿ ಮುಖ ಕಿವುಚಿತು. "ಎದ್ಲು ನೋಡು, ಹಾಲಿಗೆ ತಗೋ" ಅಂತ ಅಜ್ಜಿ ನನ್ನ ಮಡಿಲಿಗೆ ಹಾಕ್ತು.